ಡಾ. ರೋಸಲಿಂಡ್ ಫ್ರಾಂಕ್ಲಿನ್ (1920-1958): ಜೀವನ ಹಾಗೂ ವೈಜ್ಞಾನಿಕ ಕೊಡುಗೆ

ಪೀಠಿಕೆ

ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಕೈಗೊಂಡಿರುವವರು ಇಂದು ಸಸ್ಯ, ಪ್ರಾಣಿ, ಸೂಕ್ಷ್ಮಾಣು ಹಾಗೂ ಮಾನವ ಮೂಲದ ಮಾದರಿಗಳನ್ನು ಡಿ.ಎನ್.ಎ. ಅನುಕ್ರಮ ನಿರ್ಣಯಕ್ಕಾಗಿ, ಅಂದರೆ ಸೀಕ್ವೆನ್ಸಿಂಗ್‌ಗಾಗಿ, ಸೇವಾ ಪ್ರಯೋಗಾಲಯಗಳಿಗೆ ಕಳುಹಿಸಿಕೊಡುವುದು ವಾಡಿಕೆಯಾಗಿರುತ್ತದೆ. ಅರ್ಜಿ, ಶುಲ್ಕ, ಮಾದರಿಯ ಸೀಸೆ, ಕೆಲವು ದಿನಗಳ ನಂತರ ಗಣಕಯಂತ್ರದಲ್ಲಿ ಬರುವ ಫಲಿತಾಂಶ - ಇಷ್ಟರಲ್ಲಿ ಕೆಲಸ ಮುಗಿಯುತ್ತದೆ. ಆದರೆ ಈ ಸೇವೆಯು ಸಾಧ್ಯವಾಗುವುದಕ್ಕೆ ಮೊದಲು ಡಿ.ಎನ್.ಎ. ಎಂಬ ವಸ್ತುವಿನ ರಚನೆ ತಿಳಿಯಬೇಕಾಗಿತ್ತು. ಆ ತಿಳಿವಳಿಕೆಗೆ ಆಧಾರವಾದ ಅಳತೆಗಳನ್ನು ಮಾಡಿದವರಲ್ಲಿ ಅಗ್ರಗಣ್ಯರು ಡಾ. ರೋಸಲಿಂಡ್ ಫ್ರಾಂಕ್ಲಿನ್. ಅವರ ಅಳತೆಗಳು ಲೋಕಪ್ರಸಿದ್ಧವಾದವು. ಅವರ ಹೆಸರು ಮಾತ್ರ ಬಹುಕಾಲ ಬದಿಗೆ ಉಳಿಯಿತು. ಸಾರ್ವಜನಿಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ ಅವರ ಜೀವನ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಸಂಕ್ಷಿಪ್ತ ವಿವರ

ಜನನ: 25 ಜುಲೈ 1920, ಲಂಡನ್
ಮರಣ: 16 ಏಪ್ರಿಲ್ 1958, ಲಂಡನ್
ವಿದ್ಯಾಭ್ಯಾಸ: ನ್ಯೂನಮ್ ಕಾಲೇಜು, ಕೇಂಬ್ರಿಜ್, ಪಿಎಚ್.ಡಿ. (1945)
ಕಾರ್ಯಕ್ಷೇತ್ರ: ಭೌತ ರಸಾಯನಶಾಸ್ತ್ರ, ಕ್ಷ-ಕಿರಣ ಸ್ಫಟಿಕಶಾಸ್ತ್ರ
ಸಂಶೋಧನೆಯ ವಿಷಯಗಳು: ಕಲ್ಲಿದ್ದಲು ಮತ್ತು ಇಂಗಾಲ, ಡಿ.ಎನ್.ಎ., ವೈರಾಣುಗಳು

ಜನನ ಮತ್ತು ವಿದ್ಯಾಭ್ಯಾಸ

ರೋಸಲಿಂಡ್ ಎಲ್ಸಿ ಫ್ರಾಂಕ್ಲಿನ್ ಅವರು ಲಂಡನ್ ನಗರದ ನಾಟಿಂಗ್ ಹಿಲ್ ಬಡಾವಣೆಯಲ್ಲಿ ಅನುಕೂಲಸ್ಥ ಯಹೂದಿ ಮನೆತನದಲ್ಲಿ ಜನಿಸಿದರು. ತಂದೆ ಎಲಿಸ್ ಫ್ರಾಂಕ್ಲಿನ್ ಅವರು ಬ್ಯಾಂಕಿಂಗ್ ವೃತ್ತಿಯಲ್ಲಿದ್ದರು. ಬಿಡುವಿನ ವೇಳೆಯಲ್ಲಿ ಕಾರ್ಮಿಕರ ಕಾಲೇಜಿನಲ್ಲಿ ಸಂಜೆಯ ಪಾಠಗಳನ್ನು ಹೇಳುತ್ತಿದ್ದರು. ತಾಯಿ ಮ್ಯೂರಿಯಲ್. ಐವರು ಮಕ್ಕಳಲ್ಲಿ ರೋಸಲಿಂಡ್ ಎರಡನೆಯವರು. ನಾಜಿಗಳ ಕಿರುಕುಳದಿಂದ ತಪ್ಪಿಸಿಕೊಂಡು ಯೂರೋಪಿನಿಂದ ಬಂದ ನಿರಾಶ್ರಿತರಿಗೆ ನೆಲೆ ಒದಗಿಸುವ ಕಾರ್ಯದಲ್ಲಿ ಈ ಕುಟುಂಬವು ತೊಡಗಿತ್ತು.

ಬಾಲಕಿಯರಿಗೆ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳನ್ನು ಕ್ರಮವಾಗಿ ಬೋಧಿಸುವ ಶಾಲೆಗಳು ಆ ಕಾಲದ ಲಂಡನ್ನಿನಲ್ಲಿಯೂ ವಿರಳವಾಗಿದ್ದವು. ಅಂತಹ ಶಾಲೆಗಳಲ್ಲಿ ಒಂದಾದ ಸೇಂಟ್ ಪಾಲ್ಸ್ ಬಾಲಕಿಯರ ಶಾಲೆಯಲ್ಲಿ ಓದಿ, 1938ರಲ್ಲಿ ಕೇಂಬ್ರಿಜ್‌ನ ನ್ಯೂನಮ್ ಕಾಲೇಜನ್ನು ಸೇರಿದರು. ತಮಗೆ ದೊರೆತಿದ್ದ ವಾರ್ಷಿಕ 30 ಪೌಂಡ್‌ಗಳ ವಿದ್ಯಾರ್ಥಿವೇತನವನ್ನು, ತಂದೆಯವರ ಸೂಚನೆಯ ಮೇರೆಗೆ, ಅರ್ಹ ನಿರಾಶ್ರಿತ ವಿದ್ಯಾರ್ಥಿಯೊಬ್ಬರಿಗೆ ಬಿಟ್ಟುಕೊಟ್ಟರು. 1941ರಲ್ಲಿ ಅಂತಿಮ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಕೇಂಬ್ರಿಜ್ ವಿಶ್ವವಿದ್ಯಾಲಯವು ಮಹಿಳೆಯರಿಗೆ ಪುರುಷರೊಂದಿಗೆ ಸಮಾನವಾದ ಪೂರ್ಣ ಪದವಿಯನ್ನು ನೀಡಲಾರಂಭಿಸಿದ್ದು 1948ರಲ್ಲಿ ಎಂಬುದನ್ನು ಇಲ್ಲಿ ಗಮನಿಸಬಹುದು.

ಯುದ್ಧಕಾಲದಲ್ಲಿ ಮೇರಿ ಕ್ಯೂರಿಯವರ ಶಿಷ್ಯೆಯೂ ಫ್ರೆಂಚ್ ನಿರಾಶ್ರಿತ ವಿಜ್ಞಾನಿಯೂ ಆಗಿದ್ದ ಆಡ್ರಿಯೆನ್ ವೈಲ್ ಅವರ ಪರಿಚಯವಾಯಿತು. ಈ ಸ್ನೇಹವು ಮುಂದೆ ಅವರ ಜೀವನದ ದಿಕ್ಕನ್ನು ಬದಲಿಸಿತು.

ಕಲ್ಲಿದ್ದಲಿನ ಸಂಶೋಧನೆ

1942ರಲ್ಲಿ ಅವರು ಬ್ರಿಟಿಷ್ ಕಲ್ಲಿದ್ದಲು ಬಳಕೆ ಸಂಶೋಧನಾ ಸಂಘದಲ್ಲಿ ಸಹಾಯಕ ಸಂಶೋಧನಾಧಿಕಾರಿಯಾಗಿ ಸೇರಿದರು. ಯುದ್ಧದ ದಿನಗಳಲ್ಲಿ ಇಂಧನದ ಪ್ರತಿಯೊಂದು ಟನ್ನಿಗೂ ಲೆಕ್ಕವಿತ್ತು. ವಿವಿಧ ಬಗೆಯ ಕಲ್ಲಿದ್ದಲುಗಳ ಒಳಗಿರುವ ಸೂಕ್ಷ್ಮ ರಂಧ್ರಗಳನ್ನು ಅಳೆಯುವುದು ಅವರ ಕೆಲಸ. ಹೀಲಿಯಂ ಅನಿಲವು ಪ್ರವೇಶಿಸಬಲ್ಲ ರಂಧ್ರಗಳನ್ನು ಅದಕ್ಕಿಂತ ದೊಡ್ಡ ಅಣುಗಳು ಪ್ರವೇಶಿಸಲಾರವು ಎಂಬುದನ್ನು ಆಧಾರವಾಗಿಟ್ಟುಕೊಂಡು, ಕಲ್ಲಿದ್ದಲು ಅಣುಗಳ ಜರಡಿಯಂತೆ ವರ್ತಿಸುತ್ತದೆ ಎಂದು ತೋರಿಸಿದರು. ಇಂಧನದ ಗುಣಮಟ್ಟವನ್ನು ಮುಂಚಿತವಾಗಿ ಅಂದಾಜು ಮಾಡಲು ಇದು ನೆರವಾಯಿತು. ಇದೇ ವಿಷಯದ ಪ್ರಬಂಧಕ್ಕೆ 1945ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ದೊರೆಯಿತು.

ವೈಲ್ ಅವರ ನೆರವಿನಿಂದ 1947ರಲ್ಲಿ ಪ್ಯಾರಿಸ್ ನಗರದ ಸರ್ಕಾರಿ ಕೇಂದ್ರ ರಾಸಾಯನಿಕ ಪ್ರಯೋಗಾಲಯದಲ್ಲಿ ಸ್ಥಾನ ಲಭಿಸಿತು. ಅಲ್ಲಿ ಜಾಕ್ ಮೆರಿಂಗ್ ಅವರಿಂದ ಕ್ಷ-ಕಿರಣ ವಿವರ್ತನೆಯ ವಿಧಾನವನ್ನು ಕಲಿತರು. ಒಂದು ವಸ್ತುವಿನ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿದಾಗ ಅವು ಪರಮಾಣುಗಳಿಂದ ಚದುರಿ ಛಾಯಾಫಲಕದ ಮೇಲೆ ಚುಕ್ಕೆಗಳನ್ನು ಮೂಡಿಸುತ್ತವೆ; ಆ ಚುಕ್ಕೆಗಳ ಸ್ಥಾನ ಮತ್ತು ಗಾಢತೆಯಿಂದ ಪರಮಾಣುಗಳ ಜೋಡಣೆಯನ್ನು ಲೆಕ್ಕ ಹಾಕಬೇಕು. ಸುವ್ಯವಸ್ಥಿತ ಸ್ಫಟಿಕಗಳಲ್ಲದ ಇಂಗಾಲದಂತಹ ವಸ್ತುಗಳಿಗೆ ಈ ವಿಧಾನವನ್ನು ಅನ್ವಯಿಸುವುದರಲ್ಲಿ ಅವರು ಪರಿಣತರಾದರು. ಕಾಯಿಸಿದಾಗ ಗ್ರಾಫೈಟ್ ಆಗುವ ಇಂಗಾಲ ಮತ್ತು ಆಗದ ಇಂಗಾಲ ಎಂದು ಅವರು ಮಾಡಿದ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

ಕಿಂಗ್ಸ್ ಕಾಲೇಜಿನಲ್ಲಿ

1951ರ ಜನವರಿಯಲ್ಲಿ ಅವರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿದ್ದ ವೈದ್ಯಕೀಯ ಸಂಶೋಧನಾ ಮಂಡಳಿಯ ಜೈವಿಕ ಭೌತವಿಜ್ಞಾನ ಘಟಕವನ್ನು ಮೂರು ವರ್ಷಗಳ ಸಂಶೋಧನಾ ವೇತನದ ಮೇಲೆ ಸೇರಿದರು. ಘಟಕದ ಮುಖ್ಯಸ್ಥರು ಜಾನ್ ರಾಂಡಲ್. ಡಿ.ಎನ್.ಎ. ಎಳೆಗಳ ಕ್ಷ-ಕಿರಣ ಅಧ್ಯಯನವನ್ನು ಫ್ರಾಂಕ್ಲಿನ್ ಅವರು ಸಂಶೋಧನಾ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ಅವರೊಡನೆ ನಡೆಸತಕ್ಕದ್ದು ಎಂಬ ಅರ್ಥ ಬರುವಂತೆ ರಾಂಡಲ್ ಅವರು ಪತ್ರದ ಮೂಲಕ ಮೊದಲೇ ತಿಳಿಸಿದ್ದರು. ಆದರೆ ಅದೇ ಘಟಕದಲ್ಲಿ ಡಿ.ಎನ್.ಎ. ಕುರಿತು ಆಗಲೇ ಕೆಲಸ ಮಾಡುತ್ತಿದ್ದ ಮಾರಿಸ್ ವಿಲ್ಕಿನ್ಸ್ ಅವರಿಗೆ ಈ ಪತ್ರದ ವಿಷಯವನ್ನು ತಿಳಿಸಿರಲಿಲ್ಲ. ಫ್ರಾಂಕ್ಲಿನ್ ತಮ್ಮ ಕಾರ್ಯಕ್ಕೆ ನೆರವಾಗಲು ಬಂದವರೆಂದು ವಿಲ್ಕಿನ್ಸ್ ಭಾವಿಸಿದರು. ಇದು ತಮಗೆ ಸ್ವತಂತ್ರವಾಗಿ ವಹಿಸಿದ ಕಾರ್ಯವೆಂದು ಫ್ರಾಂಕ್ಲಿನ್ ತಿಳಿದಿದ್ದರು. ಕಾರ್ಯಹಂಚಿಕೆಯ ಒಂದು ಪತ್ರದ ಪ್ರತಿಯು ಸಂಬಂಧಪಟ್ಟ ಇನ್ನೊಬ್ಬರಿಗೆ ರವಾನೆಯಾಗದೆ ಹೋದುದರ ಪರಿಣಾಮವು ಎರಡು ವರ್ಷಗಳ ಮನಸ್ತಾಪವಾಯಿತು.

ಘಟಕದಲ್ಲಿ ಹಲವು ಮಹಿಳಾ ವಿಜ್ಞಾನಿಗಳು ಕಾರ್ಯನಿರ್ವಹಿಸುತ್ತಿದ್ದರು. ಹಾಗಿದ್ದರೂ ಕಾಲೇಜಿನ ಒಂದು ವಿಶ್ರಾಂತಿ ಕೊಠಡಿಗೆ ಪುರುಷರಿಗೆ ಮಾತ್ರ ಪ್ರವೇಶವಿತ್ತು. ಪ್ಯಾರಿಸ್ಸಿನ ಮುಕ್ತ ಚರ್ಚೆಗಳಿಗೆ ಹೊಂದಿಕೊಂಡಿದ್ದ ಅವರಿಗೆ ಈ ವಾತಾವರಣ ಹಿತವೆನಿಸಲಿಲ್ಲ.

ಮಾದರಿ, ತೇವಾಂಶ ಮತ್ತು ಎರಡು ರೂಪಗಳು

ಅಧ್ಯಯನಕ್ಕೆ ಬಳಸಿದ ಡಿ.ಎನ್.ಎ. ಮಾದರಿಯು ಸ್ವಿಟ್ಜರ್‌ಲ್ಯಾಂಡಿನ ಬರ್ನ್ ನಗರದ ರುಡಾಲ್ಫ್ ಸಿಗ್ನರ್ ಅವರು ತಯಾರಿಸಿದ್ದಾಗಿತ್ತು. 1950ರಲ್ಲಿ ಲಂಡನ್ನಿಗೆ ಬಂದಿದ್ದ ಸಿಗ್ನರ್ ಅವರು ಅದನ್ನು ಆಸಕ್ತರಿಗೆ ಉಚಿತವಾಗಿ ಹಂಚಿದ್ದರು. ಅಣುಗಳು ತುಂಡಾಗದಂತೆ ಬಹು ಜಾಗರೂಕತೆಯಿಂದ ಶುದ್ಧೀಕರಿಸಿದ್ದರಿಂದ ಆ ಮಾದರಿಯಿಂದ ಉದ್ದವಾದ, ಕ್ರಮಬದ್ಧವಾದ ಎಳೆಗಳನ್ನು ಸೆಳೆಯಲು ಸಾಧ್ಯವಾಯಿತು.

ಫ್ರಾಂಕ್ಲಿನ್ ಅವರು ಮಾಡಿದ ಮೊದಲ ಕೆಲಸ ತೇವಾಂಶದ ನಿಯಂತ್ರಣ. ಲವಣದ್ರಾವಣಗಳ ಮೂಲಕ ಹಾಯಿಸಿದ ಹೈಡ್ರೋಜನ್ ಅನಿಲವನ್ನು ಕ್ಯಾಮೆರಾದ ಒಳಗೆ ಬಿಟ್ಟು, ಎಳೆಯ ಸುತ್ತಲಿನ ತೇವಾಂಶವನ್ನು ತಮಗೆ ಬೇಕಾದ ಮಟ್ಟದಲ್ಲಿ ಇರಿಸಿಕೊಂಡರು. ಆಗ ಒಂದು ಮಹತ್ವದ ಸಂಗತಿ ಹೊರಬಿತ್ತು. ಸುಮಾರು ಶೇಕಡ 75ರ ತೇವಾಂಶದಲ್ಲಿ ಡಿ.ಎನ್.ಎ. ಒಂದು ರೂಪದಲ್ಲಿಯೂ, ಶೇಕಡ 90ನ್ನು ಮೀರಿದ ತೇವಾಂಶದಲ್ಲಿ ಬೇರೊಂದು ರೂಪದಲ್ಲಿಯೂ ಇರುತ್ತದೆ. ಮೊದಲನೆಯದನ್ನು ಎ ರೂಪವೆಂದೂ, ಎರಡನೆಯದನ್ನು ಬಿ ರೂಪವೆಂದೂ ಕರೆಯಲಾಯಿತು. ನೀರನ್ನು ಹೀರಿ ಬಿ ರೂಪಕ್ಕೆ ಬದಲಾಗುವಾಗ ಎಳೆಯು ಉದ್ದವಾಗುವುದೂ ಕಂಡುಬಂದಿತು. ಅಲ್ಲಿಯವರೆಗೆ ತೆಗೆದಿದ್ದ ಅನೇಕ ಚಿತ್ರಗಳು ಮಸುಕಾಗಿದ್ದುದಕ್ಕೆ ಕಾರಣ ಸ್ಪಷ್ಟವಾಯಿತು: ಅವುಗಳಲ್ಲಿ ಎರಡೂ ರೂಪಗಳು ಬೆರೆತಿದ್ದವು. ಎರಡು ಖಾತೆಗಳ ಮೊತ್ತವನ್ನು ಒಂದೇ ಕಲಮಿನಲ್ಲಿ ಬರೆದರೆ ಯಾವ ಖಾತೆಯೂ ತಾಳೆಯಾಗದಿರುವಂತೆ, ಬೆರೆತ ಚಿತ್ರದಿಂದ ಯಾವ ರಚನೆಯನ್ನೂ ಓದಲು ಬರುವುದಿಲ್ಲ. ಅವರು ಖಾತೆಗಳನ್ನು ಬೇರ್ಪಡಿಸಿದರು.

ನೀರು ಸುಲಭವಾಗಿ ಒಳಹೊಕ್ಕು ಹೊರಬರುವುದರಿಂದ, ನೀರನ್ನು ಸೆಳೆಯುವ ಫಾಸ್ಫೇಟ್ ಗುಂಪುಗಳು ಅಣುವಿನ ಹೊರಬದಿಯಲ್ಲಿಯೇ ಇರಬೇಕು ಎಂದು ಅವರು ತೀರ್ಮಾನಿಸಿದರು. 1951ರ ನವೆಂಬರಿನಲ್ಲಿ ಅವರು ನೀಡಿದ ಉಪನ್ಯಾಸಕ್ಕೆ ಕೇಂಬ್ರಿಜ್‌ನಿಂದ ಜೇಮ್ಸ್ ವಾಟ್ಸನ್ ಬಂದಿದ್ದರು. ವಾಟ್ಸನ್ ಅವರು ನೀರಿನ ಪ್ರಮಾಣವನ್ನು ತಪ್ಪಾಗಿ ನೆನಪಿಟ್ಟುಕೊಂಡು, ಫ್ರಾನ್ಸಿಸ್ ಕ್ರಿಕ್ ಅವರೊಂದಿಗೆ ಫಾಸ್ಫೇಟುಗಳನ್ನು ಒಳಗಿರಿಸಿದ ಮೂರು ಎಳೆಗಳ ಮಾದರಿಯೊಂದನ್ನು ಕಟ್ಟಿದರು. ಅದನ್ನು ನೋಡಲು ಕೇಂಬ್ರಿಜ್‌ಗೆ ತೆರಳಿದ ತಂಡದಲ್ಲಿದ್ದ ಫ್ರಾಂಕ್ಲಿನ್ ಅವರು ದೋಷವನ್ನು ಕೂಡಲೇ ಎತ್ತಿ ತೋರಿಸಿದರು. ಅಲ್ಲಿನ ಪ್ರಯೋಗಾಲಯದ ಮುಖ್ಯಸ್ಥರಾದ ಲಾರೆನ್ಸ್ ಬ್ರ್ಯಾಗ್ ಅವರು ಆ ಕಾರ್ಯವನ್ನು ನಿಲ್ಲಿಸುವಂತೆ ಸೂಚಿಸಿದರು.

ಐವತ್ತೊಂದನೆಯ ಛಾಯಾಚಿತ್ರ

1952ರ ಮೇ ತಿಂಗಳಿನಲ್ಲಿ ಫ್ರಾಂಕ್ಲಿನ್ ಅವರ ಮಾರ್ಗದರ್ಶನದಲ್ಲಿ ಗಾಸ್ಲಿಂಗ್ ಅವರು ಬಿ ರೂಪದ ಒಂದು ಛಾಯಾಚಿತ್ರವನ್ನು ಪಡೆದರು. ಅರವತ್ತು ಗಂಟೆಗಳಿಗೂ ಹೆಚ್ಚು ಕಾಲ ಎಳೆಯನ್ನು ಕ್ಷ-ಕಿರಣಕ್ಕೆ ಒಡ್ಡಿ ತೆಗೆದ ಈ ಚಿತ್ರವು ಅನುಕ್ರಮದಲ್ಲಿ ಐವತ್ತೊಂದನೆಯದು. ಮಧ್ಯದಲ್ಲಿ ಗುಣಾಕಾರ ಚಿಹ್ನೆಯಂತೆ ಹಾಯ್ದ ಚುಕ್ಕೆಗಳು ಸುರುಳಿಯಾಕಾರವನ್ನು ಸೂಚಿಸುತ್ತಿದ್ದವು. ಸುರುಳಿಯ ಒಂದು ಪೂರ್ಣ ಸುತ್ತಿಗೆ 34 ಆಂಗ್‌ಸ್ಟ್ರಾಮ್, ಒಂದರ ಮೇಲೊಂದರಂತಿರುವ ಘಟಕಗಳ ನಡುವೆ 3.4 ಆಂಗ್‌ಸ್ಟ್ರಾಮ್, ಅಂದರೆ ಸುತ್ತಿಗೆ ಹತ್ತು ಘಟಕಗಳು ಎಂಬ ಲೆಕ್ಕವು ಇಂತಹ ಚಿತ್ರಗಳ ಅಳತೆಯಿಂದ ದೊರೆಯುತ್ತದೆ. ಒಂದು ಆಂಗ್‌ಸ್ಟ್ರಾಮ್ ಎಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗ.

ಫ್ರಾಂಕ್ಲಿನ್ ಅವರು ಈ ಚಿತ್ರವನ್ನು ಬದಿಗಿರಿಸಿ, ಹೆಚ್ಚು ವಿವರಗಳಿದ್ದ ಎ ರೂಪದ ಲೆಕ್ಕಾಚಾರವನ್ನು ಮುಂದುವರಿಸಿದರು. ಎ ರೂಪವು ಸುರುಳಿಯಲ್ಲದಿರಬಹುದು ಎಂಬ ಸಂದೇಹವೂ ಅವರಿಗೆ ಕೆಲವು ತಿಂಗಳುಗಳ ಕಾಲ ಇತ್ತು. ಅಳತೆಯಿಂದಲೇ ರಚನೆ ಹೊರಡಬೇಕೇ ಹೊರತು ಊಹೆಯಿಂದಲ್ಲ ಎಂಬ ಅವರ ಕ್ರಮವು ನಿಧಾನವಾದುದಾಗಿತ್ತು. 1953ರ ಫೆಬ್ರವರಿ 24ರ ವೇಳೆಗೆ ಎರಡೂ ರೂಪಗಳು ಎರಡೆಳೆಯ ಸುರುಳಿಗಳೆಂಬುದನ್ನು ಅವರು ಟಿಪ್ಪಣಿ ಪುಸ್ತಕದಲ್ಲಿ ದಾಖಲಿಸಿದ್ದರು. ಎಳೆಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ ಎಂಬುದು ಹಾಗೂ ಪ್ರತ್ಯಾಮ್ಲಗಳು ನಿಗದಿತ ಜೋಡಿಗಳಾಗಿ ಕೂಡುತ್ತವೆ ಎಂಬುದು, ಈ ಎರಡು ಹೆಜ್ಜೆಗಳು ಮಾತ್ರ ಉಳಿದಿದ್ದವು.

ದತ್ತಾಂಶವು ಕೈ ಬದಲಾದ ಬಗೆ

ಈ ವೇಳೆಗೆ ಫ್ರಾಂಕ್ಲಿನ್ ಅವರು ಕಿಂಗ್ಸ್ ಕಾಲೇಜನ್ನು ಬಿಡಲು ನಿರ್ಧರಿಸಿದ್ದರು. ಡಿ.ಎನ್.ಎ. ಕಾರ್ಯವು ಕಾಲೇಜಿನಲ್ಲಿಯೇ ಉಳಿಯತಕ್ಕದ್ದೆಂದು ರಾಂಡಲ್ ಅವರು ತೀರ್ಮಾನಿಸಿದ್ದರಿಂದ ಐವತ್ತೊಂದನೆಯ ಚಿತ್ರವು ಗಾಸ್ಲಿಂಗ್ ಅವರ ಮೂಲಕ ವಿಲ್ಕಿನ್ಸ್ ಅವರ ಕೈಸೇರಿತು. 1953ರ ಜನವರಿ ಕೊನೆಯಲ್ಲಿ ಲಂಡನ್ನಿಗೆ ಬಂದ ವಾಟ್ಸನ್ ಅವರಿಗೆ ವಿಲ್ಕಿನ್ಸ್ ಅದನ್ನು ತೋರಿಸಿದರು.

ಎರಡನೆಯ ಮಾರ್ಗವು ಒಂದು ವರದಿಯಾಗಿತ್ತು. ವೈದ್ಯಕೀಯ ಸಂಶೋಧನಾ ಮಂಡಳಿಯ ಪರಿಶೀಲನಾ ಸಮಿತಿಗಾಗಿ ಕಿಂಗ್ಸ್ ಘಟಕವು 1952ರ ಡಿಸೆಂಬರಿನಲ್ಲಿ ತನ್ನ ಕಾರ್ಯದ ವಿವರಗಳನ್ನು ಸಲ್ಲಿಸಿತ್ತು. ಫ್ರಾಂಕ್ಲಿನ್ ಅವರ ಅಳತೆಗಳು ಅದರಲ್ಲಿ ಸೇರಿದ್ದವು. ಸಮಿತಿಯ ಸದಸ್ಯರಾಗಿದ್ದ ಮ್ಯಾಕ್ಸ್ ಪೆರುಟ್ಜ್ ಅವರು ತಮ್ಮ ಪ್ರತಿಯನ್ನು ಕ್ರಿಕ್ ಮತ್ತು ವಾಟ್ಸನ್ ಅವರಿಗೆ ನೀಡಿದರು. ವರದಿಯ ಮೇಲೆ ಗೋಪ್ಯವೆಂಬ ಮುದ್ರೆ ಇರಲಿಲ್ಲ ಎಂದು ಪೆರುಟ್ಜ್ ನಂತರ ವಿವರಣೆ ನೀಡಿದರು. ಅದರಲ್ಲಿದ್ದ ಸ್ಫಟಿಕ ಸಮ್ಮಿತಿಯ ಒಂದು ವಿವರದಿಂದ, ಎರಡು ಎಳೆಗಳು ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ ಎಂಬುದನ್ನು ಕ್ರಿಕ್ ಅರಿತರು. ಪ್ರತ್ಯಾಮ್ಲಗಳ ಜೋಡಿಯನ್ನು ವಾಟ್ಸನ್ ಕಂಡುಕೊಂಡರು. ಮಾರ್ಚ್ ಮೊದಲ ವಾರದಲ್ಲಿ ಜೋಡಿ ಸುರುಳಿಯ ಮಾದರಿ ಸಿದ್ಧವಾಯಿತು. ಈ ಎರಡೂ ಸಂದರ್ಭಗಳಲ್ಲಿ ಅಳತೆ ಮಾಡಿದವರ ಅನುಮತಿಯನ್ನು ಕೋರಿರಲಿಲ್ಲ.

1953ರ ಏಪ್ರಿಲ್ 25ರ ನೇಚರ್ ಪತ್ರಿಕೆಯಲ್ಲಿ ಮೂರು ಲೇಖನಗಳು ಒಟ್ಟಿಗೆ ಪ್ರಕಟವಾದವು. ಮೊದಲನೆಯದು ವಾಟ್ಸನ್ ಮತ್ತು ಕ್ರಿಕ್ ಅವರದು. ಎರಡನೆಯದು ವಿಲ್ಕಿನ್ಸ್ ಮತ್ತು ಸಂಗಡಿಗರದು. ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ಅವರ ಲೇಖನ ಮೂರನೆಯ ಸ್ಥಾನದಲ್ಲಿತ್ತು. ಐವತ್ತೊಂದನೆಯ ಛಾಯಾಚಿತ್ರವು ಈ ಮೂರನೆಯ ಲೇಖನದಲ್ಲಿ ಅಚ್ಚಾಯಿತು. ಹೀಗಾಗಿ ಮಾದರಿಗೆ ಆಧಾರವಾಗಿದ್ದ ಅಳತೆಗಳು ಓದುಗರಿಗೆ ಮಾದರಿಯನ್ನು ಸಮರ್ಥಿಸಲು ನಂತರ ಬಂದವುಗಳಂತೆ ಕಂಡವು.

ವೈರಾಣುಗಳ ಅಧ್ಯಯನ

1953ರ ಮಾರ್ಚ್ ತಿಂಗಳಿನಲ್ಲಿ ಅವರು ಜೆ.ಡಿ. ಬರ್ನಾಲ್ ಅವರು ಮುಖ್ಯಸ್ಥರಾಗಿದ್ದ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ವಿಭಾಗಕ್ಕೆ ವರ್ಗವಾದರು. ಅಲ್ಲಿನ ಐದು ವರ್ಷಗಳು ಅವರ ಜೀವನದ ಅತ್ಯಂತ ಫಲಪ್ರದ ಅವಧಿ. ತಂಬಾಕಿನ ಎಲೆಗೆ ತಗಲುವ ಮೊಸಾಯಿಕ್ ರೋಗದ ವೈರಾಣುವನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಆರನ್ ಕ್ಲೂಗ್, ಕೆನೆತ್ ಹೋಮ್ಸ್ ಮತ್ತು ಜಾನ್ ಫಿಂಚ್ ಅವರನ್ನೊಳಗೊಂಡ ತಂಡವು ಅವರ ಜೊತೆಗೂಡಿತು. ಈ ವೈರಾಣುವು ಟೊಳ್ಳಾದ ದಂಡದಂತಿದ್ದು, ಪ್ರೋಟೀನ್ ಘಟಕಗಳು ಅದರ ಸುತ್ತ ಸುರುಳಿಯಾಗಿ ಜೋಡಿಸಲ್ಪಟ್ಟಿವೆ, ಆರ್.ಎನ್.ಎ. ಎಳೆಯು ನಡುವಿನ ಟೊಳ್ಳಿನಲ್ಲಿರದೆ ಆ ಪ್ರೋಟೀನಿನ ಒಳಗೆ ಹುದುಗಿರುತ್ತದೆ ಎಂಬುದನ್ನು ಅವರು ಸ್ಥಾಪಿಸಿದರು.

ಈ ಅವಧಿಯಲ್ಲಿಯೂ ಅನುದಾನದ ತೊಂದರೆ ತಪ್ಪಲಿಲ್ಲ. ಬ್ರಿಟನ್ನಿನ ಕೃಷಿ ಸಂಶೋಧನಾ ಮಂಡಳಿಯ ನೆರವು ಮುಂದುವರಿಯುವುದು ಅನಿಶ್ಚಿತವಾದಾಗ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ಅನುದಾನ ಪಡೆದರು. ತಮ್ಮ ತಂಡದವರ ವೇತನ ನಿಲ್ಲಬಾರದೆಂಬುದು ಅವರ ಮುಖ್ಯ ಕಾಳಜಿಯಾಗಿತ್ತು.

ಅಸ್ವಸ್ಥತೆ ಮತ್ತು ನಿಧನ

1956ರಲ್ಲಿ ಅಮೆರಿಕ ಪ್ರವಾಸದ ಕಾಲದಲ್ಲಿ ಹೊಟ್ಟೆಯ ಊತ ಕಾಣಿಸಿಕೊಂಡಿತು. ಲಂಡನ್ನಿಗೆ ಮರಳಿದ ನಂತರ ಅಂಡಾಶಯದ ಕ್ಯಾನ್ಸರ್ ಎಂದು ನಿರ್ಣಯವಾಯಿತು. ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿಯ ಕೆಲವು ದಿನಗಳನ್ನು ಕೇಂಬ್ರಿಜ್‌ನಲ್ಲಿ ಕ್ರಿಕ್ ದಂಪತಿಗಳ ಮನೆಯಲ್ಲಿಯೇ ಕಳೆದರು ಎಂಬುದು ಅವರ ನಡುವೆ ಬೆಳೆದಿದ್ದ ಸ್ನೇಹಕ್ಕೆ ಸಾಕ್ಷಿ. ಚಿಕಿತ್ಸೆಯ ನಡುವೆಯೂ ಕೆಲಸ ನಿಲ್ಲಿಸಲಿಲ್ಲ. ಪೋಲಿಯೋ ವೈರಾಣುವಿನ ಅಧ್ಯಯನವನ್ನು ಆರಂಭಿಸಿದರು. 1958ರ ಏಪ್ರಿಲ್ 16ರಂದು, ತಮ್ಮ 37ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಮರುದಿನ ಬ್ರಸೆಲ್ಸ್ ನಗರದಲ್ಲಿ ಆರಂಭವಾದ ವಿಶ್ವ ಪ್ರದರ್ಶನದಲ್ಲಿ ಅವರು ಸಿದ್ಧಪಡಿಸಿದ್ದ ವೈರಾಣುವಿನ ಬೃಹತ್ ಮಾದರಿಯನ್ನು ಇರಿಸಲಾಗಿತ್ತು.

ಮರಣಾನಂತರದ ಮನ್ನಣೆ

1962ರಲ್ಲಿ ಡಿ.ಎನ್.ಎ. ರಚನೆಗಾಗಿ ಕ್ರಿಕ್, ವಾಟ್ಸನ್ ಮತ್ತು ವಿಲ್ಕಿನ್ಸ್ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಫ್ರಾಂಕ್ಲಿನ್ ಅವರು ತೀರಿಕೊಂಡು ಆಗ ನಾಲ್ಕು ವರ್ಷಗಳಾಗಿದ್ದವು. ಅವರ ಹೆಸರು ಎಂದೂ ನಾಮನಿರ್ದೇಶನಗೊಂಡಿರಲಿಲ್ಲ. 1968ರಲ್ಲಿ ಪ್ರಕಟವಾದ ವಾಟ್ಸನ್ ಅವರ ಪುಸ್ತಕವು ಅವರನ್ನು ಕೋಪಿಷ್ಠ ವ್ಯಕ್ತಿಯಾಗಿ ಚಿತ್ರಿಸಿತು. ಅದೇ ಪುಸ್ತಕದಿಂದಲೇ ಛಾಯಾಚಿತ್ರವನ್ನು ತೋರಿಸಿದ ಸಂಗತಿಯೂ ಲೋಕಕ್ಕೆ ತಿಳಿಯಿತು. ಕ್ಲೂಗ್ ಅವರು ಫ್ರಾಂಕ್ಲಿನ್ ಅವರ ಟಿಪ್ಪಣಿ ಪುಸ್ತಕಗಳನ್ನು ಪರಿಶೀಲಿಸಿ, ದಿನಾಂಕಗಳ ಆಧಾರದ ಮೇಲೆ ಅವರು ಎಲ್ಲಿಯವರೆಗೆ ತಲುಪಿದ್ದರು ಎಂಬುದನ್ನು ಪ್ರಕಟಿಸಿದರು. 1975ರಲ್ಲಿ ಗೆಳತಿ ಆನ್ ಸೇಯರ್ ಅವರೂ, 2002ರಲ್ಲಿ ಬ್ರೆಂಡಾ ಮ್ಯಾಡಾಕ್ಸ್ ಅವರೂ ಜೀವನಚರಿತ್ರೆಗಳನ್ನು ಬರೆದರು. ಅವರು ಆರಂಭಿಸಿದ ವೈರಾಣು ಸಂಶೋಧನೆಯನ್ನು ಮುಂದುವರಿಸಿದ ಕ್ಲೂಗ್ ಅವರಿಗೆ 1982ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

2023ರಲ್ಲಿ ಮ್ಯಾಥ್ಯೂ ಕಾಬ್ ಮತ್ತು ನಥಾನಿಯಲ್ ಕಂಫರ್ಟ್ ಎಂಬ ಇತಿಹಾಸಕಾರರು ಹಳೆಯ ಪತ್ರಗಳ ಆಧಾರದ ಮೇಲೆ, ಫ್ರಾಂಕ್ಲಿನ್ ಅವರನ್ನು ವಂಚಿತರೆಂದು ಮಾತ್ರ ಕಾಣದೆ, ನಾಲ್ವರ ಶೋಧದಲ್ಲಿ ಸಮಾನ ಪಾಲುದಾರರೆಂದು ಪರಿಗಣಿಸಬೇಕೆಂದು ಪ್ರತಿಪಾದಿಸಿದರು. ಅಮೆರಿಕದ ಒಂದು ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ 2004ರಲ್ಲಿಯೂ, ಮಂಗಳ ಗ್ರಹಕ್ಕಾಗಿ ಸಿದ್ಧಪಡಿಸಲಾದ ಯೂರೋಪಿನ ಸಂಚಾರಿ ವಾಹನಕ್ಕೆ 2019ರಲ್ಲಿಯೂ ಅವರ ಹೆಸರನ್ನು ಇಡಲಾಯಿತು.

ರಚನೆಯಿಂದ ಅನುಕ್ರಮ ನಿರ್ಣಯದವರೆಗೆ

ಜೋಡಿ ಸುರುಳಿಯ ಒಂದು ಎಳೆಯಿಂದ ಇನ್ನೊಂದನ್ನು ಪಡೆಯಬಹುದು, ಆದುದರಿಂದ ಡಿ.ಎನ್.ಎ.ಯನ್ನು ನಕಲು ಮಾಡಬಹುದು. 1977ರಲ್ಲಿ ಕೇಂಬ್ರಿಜ್‌ನ ಫ್ರೆಡರಿಕ್ ಸ್ಯಾಂಗರ್ ಅವರು ಪ್ರಕಟಿಸಿದ ವಿಧಾನದಲ್ಲಿ, ಹೀಗೆ ನಕಲಾಗುತ್ತಿರುವ ಎಳೆಯನ್ನು ಗೊತ್ತಾದ ಅಕ್ಷರಗಳಲ್ಲಿ ತಡೆದು ನಿಲ್ಲಿಸಿ, ದೊರೆತ ತುಂಡುಗಳ ಉದ್ದದಿಂದ ಅಕ್ಷರಗಳ ಕ್ರಮವನ್ನು ಓದಲಾಗುತ್ತದೆ. ಸುಮಾರು 300 ಕೋಟಿ ಅಕ್ಷರಗಳ ಮಾನವ ಜೀನೋಮ್ ಯೋಜನೆ ಪೂರ್ಣಗೊಂಡುದಾಗಿ 2003ರ ಏಪ್ರಿಲ್‌ನಲ್ಲಿ, ಅಂದರೆ ನೇಚರ್ ಲೇಖನಗಳ ಐವತ್ತನೆಯ ವರ್ಷದಲ್ಲಿ, ಘೋಷಿಸಲಾಯಿತು. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು 2020ರಲ್ಲಿ ಆರಂಭಿಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ಹತ್ತು ಸಾವಿರ ಭಾರತೀಯರ ಜೀನೋಮ್‌ಗಳನ್ನು ಓದಲಾಗಿದ್ದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಇದರ ಸಮನ್ವಯ ಕಾರ್ಯವನ್ನು ನಿರ್ವಹಿಸಿತು.

ಅರ್ಜಿದಾರರ ಗಮನಕ್ಕೆ

ಅನುಕ್ರಮ ನಿರ್ಣಯ ಹಾಗೂ ಆನುವಂಶಿಕ ವಿಶ್ಲೇಷಣೆಗೆ ಮಾದರಿ ಕಳುಹಿಸುವ ಸಂಶೋಧಕರು ಈ ಜೀವನದಿಂದ ಕೆಳಕಂಡ ಅಂಶಗಳನ್ನು ಗ್ರಹಿಸಬಹುದಾಗಿದೆ.

1. ಫಲಿತಾಂಶದ ಗುಣಮಟ್ಟವು ಮಾದರಿಯ ಗುಣಮಟ್ಟವನ್ನು ಮೀರುವುದಿಲ್ಲ. ಸಿಗ್ನರ್ ಅವರ ಶುದ್ಧ ಮಾದರಿ ಇಲ್ಲದಿದ್ದರೆ ಐವತ್ತೊಂದನೆಯ ಚಿತ್ರವೂ ಇರುತ್ತಿರಲಿಲ್ಲ. ತುಂಡಾದ ಅಥವಾ ಬೆರಕೆಯಾದ ಡಿ.ಎನ್.ಎ.ಯನ್ನು ಯಂತ್ರವು ಸರಿಪಡಿಸಲಾರದು.

2. ಮಾದರಿಯನ್ನು ಯಾವ ದಿನ, ಯಾರು, ಯಾವ ಸ್ಥಿತಿಯಲ್ಲಿ ತಯಾರಿಸಿದರು ಎಂಬುದನ್ನು ದಿನಾಂಕ ಸಹಿತ ಬರೆದಿಡುವುದು ಅವಶ್ಯಕ. ಫ್ರಾಂಕ್ಲಿನ್ ಅವರ ಪರವಾಗಿ ಹತ್ತು ವರ್ಷಗಳ ನಂತರ ಸಾಕ್ಷಿ ನುಡಿದದ್ದು ಅವರ ದಿನಾಂಕಿತ ಟಿಪ್ಪಣಿ ಪುಸ್ತಕ ಮಾತ್ರ.

3. ಕಾರ್ಯಹಂಚಿಕೆಯನ್ನು ಲಿಖಿತವಾಗಿ ಮಾಡಿಕೊಂಡು, ಮಾರ್ಗದರ್ಶಕರು, ವಿದ್ಯಾರ್ಥಿಗಳು ಮತ್ತು ಸಹೋದ್ಯೋಗಿಗಳೆಲ್ಲರಿಗೂ ಅದರ ಪ್ರತಿಯನ್ನು ನೀಡುವುದು ಸೂಕ್ತ.

4. ಇತರರ ದತ್ತಾಂಶವು ವರದಿಯ ಮೂಲಕವಾಗಲೀ, ಮಿಂಚಂಚೆಯ ಮೂಲಕವಾಗಲೀ ಕೈಸೇರಿದಾಗ, ಅದರ ಮೇಲೆ ಗೋಪ್ಯವೆಂಬ ಮುದ್ರೆ ಇಲ್ಲದಿದ್ದ ಮಾತ್ರಕ್ಕೆ ಅನುಮತಿ ದೊರೆತಂತಾಗುವುದಿಲ್ಲ. ಅಳತೆ ಮಾಡಿದವರನ್ನು ಕೇಳಿ, ಪ್ರಕಟಣೆಯಲ್ಲಿ ಅವರ ಹೆಸರನ್ನು ಸಲ್ಲತಕ್ಕ ಸ್ಥಾನದಲ್ಲಿ ನಮೂದಿಸತಕ್ಕದ್ದು.

ಲೆಕ್ಕದ ಪುಸ್ತಕದಲ್ಲಿ ಒಬ್ಬರಿಗೆ ಸಲ್ಲಬೇಕಾದ ಜಮೆಯು ಇನ್ನೊಬ್ಬರ ಖಾತೆಗೆ ಹೋದರೆ ಒಟ್ಟು ಮೊತ್ತ ತಾಳೆಯಾಗುತ್ತದೆ. ಹಾಗಾಗಿಯೇ ಆ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಡಿ.ಎನ್.ಎ. ರಚನೆಯ ವಿಷಯದಲ್ಲಿ ವಿಜ್ಞಾನದ ಮೊತ್ತ ಸರಿಯಾಗಿಯೇ ಇತ್ತು. ಜಮೆಯನ್ನು ಸರಿಯಾದ ಹೆಸರಿಗೆ ತಿದ್ದಿ ಬರೆಯಲು ಮಾತ್ರ ಹಲವು ದಶಕಗಳು ಬೇಕಾದವು.